ಇಂಗ್ಲೆಂಡಿನ ಕೌನ್ಸಿಲ್‌ನಲ್ಲಿ ಎನ್‌ಫೋರ್ಸ್‌ಮೆಂಟ್ ಕೆಲಸ: ಅರ್ಜಿಯಿಂದ ಪ್ರೊಬೇಷನ್ ಮುಗಿಯುವವರೆಗೆ

ಕಳೆದ ವಾರ ಪ್ರೊಬೇಷನ್ ಮುಗಿದ ಪತ್ರ ಬಂತು. ಅರ್ಜಿ ಹಾಕಿದ್ದು ಜನವರಿಯಲ್ಲಿ, ಕೆಲಸಕ್ಕೆ ಸೇರಿದ್ದು ಜೂನ್‌ನಲ್ಲಿ, ಕಾಯಂ ಆದದ್ದು ಡಿಸೆಂಬರ್‌ನಲ್ಲಿ. ಇದರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಒಂದಲ್ಲ ಒಂದು ಕಾಗದಕ್ಕಾಗಿ ಕಾದೇ ಹೋಯಿತು. ಅವುಗಳಲ್ಲಿ ಮುಕ್ಕಾಲು ಪಾಲು ಮೊದಲೇ ಹೊಂದಿಸಿಟ್ಟುಕೊಳ್ಳಬಹುದಾದ ಕಾಗದಗಳು. ಬೀದಿಯ ಕಸದಂಥ ತಪ್ಪುಗಳಿಗೆ ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್‌ನ, ಪರವಾಗಿ ದಂಡದ ನೋಟಿಸು ಕೊಡುವ ಈ ಹುದ್ದೆಗೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಪ್ರಯತ್ನಿಸುತ್ತಿದ್ದರೆ ಆ ದಿನಗಳಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿರುವುದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಕಾಯ್ದೆಗಳು ಬೇರೆ, ವೇಲ್ಸ್‌ನಲ್ಲಿ ದಂಡದ ಮೊತ್ತ ಬೇರೆ.

ಯಾವ ಹುದ್ದೆ, ಯಾವ ಕೌನ್ಸಿಲ್

ಮೊದಲ ಗೊಂದಲ ಹೆಸರಿನದ್ದು. ಒಂದು ಕೌನ್ಸಿಲ್ ಇದನ್ನು ಕಮ್ಯುನಿಟಿ ಎನ್‌ಫೋರ್ಸ್‌ಮೆಂಟ್ ಆಫೀಸರ್ ಎನ್ನುತ್ತದೆ, ಇನ್ನೊಂದು ಎನ್ವಿರಾನ್‌ಮೆಂಟಲ್ ಎನ್‌ಫೋರ್ಸ್‌ಮೆಂಟ್ ಆಫೀಸರ್, ಮತ್ತೊಂದು ನೇಬರ್‌ಹುಡ್ ವಾರ್ಡನ್. ಕೆಲಸ ಹೆಚ್ಚುಕಡಿಮೆ ಒಂದೇ: ಬೀದಿಯಲ್ಲಿ ಕಸ ಎಸೆಯುವುದು, ಕದ್ದು ಕಸ ಸುರಿಯುವ ಫ್ಲೈ ಟಿಪ್ಪಿಂಗ್, ನಾಯಿಯ ಹೇಲು ಎತ್ತದೆ ಹೋಗುವುದು, ವಾರಸುದಾರರಿಲ್ಲದೆ ನಿಂತ ವಾಹನ, ಅಂಗಡಿಗಳ ಕಸದ ಲೆಕ್ಕ, ನೆರೆಹೊರೆಗೆ ಕಾಟ ಕೊಡುವ ಹಿತ್ತಿಲು. ಸಿವಿಲ್ ಎನ್‌ಫೋರ್ಸ್‌ಮೆಂಟ್ ಆಫೀಸರ್ ಎಂದಿದ್ದರೆ ಅದು ಪಾರ್ಕಿಂಗ್ ಟಿಕೆಟ್ ಕೊಡುವ ಹುದ್ದೆ. ಬರೀ ಎನ್‌ಫೋರ್ಸ್‌ಮೆಂಟ್ ಏಜೆಂಟ್ ಎಂದಿದ್ದರೆ ಸಾಲ, ಬಾಕಿ ವಸೂಲಿ ಮಾಡುವ ಬೇಲಿಫ್. ಪಿಸಿಎಸ್ಒ (ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್) ಪೊಲೀಸ್ ಇಲಾಖೆಗೆ ಸೇರಿದ್ದು. ನಾನು ಮೊದಲು ಹಾಕಿದ ಎರಡು ಅರ್ಜಿ ಪಾರ್ಕಿಂಗ್ ಹುದ್ದೆಗೆ ಹೋಗಿದ್ದವು.

ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂದು ಎರಡು ಹಂತದ ಕೌನ್ಸಿಲ್ ಇರುವ ಕಡೆ ಕಸ ಸಂಗ್ರಹಿಸುವುದು, ಬೀದಿ ಗುಡಿಸುವುದು ಡಿಸ್ಟ್ರಿಕ್ಟ್‌ನ ಹೊಣೆ. ಹಾಗಾಗಿ ಈ ಹುದ್ದೆಯೂ ಅಲ್ಲೇ ಇರುತ್ತದೆ. ಕೌಂಟಿಯ ಜಾಲತಾಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ಲಂಡನ್ ಬರೋ ಅಥವಾ ಒಂದೇ ಹಂತದ ಯೂನಿಟರಿ ಕೌನ್ಸಿಲ್ ಆದರೆ ಒಂದೇ ಕಡೆ ಎಲ್ಲವೂ ಸಿಗುತ್ತದೆ.

ಈ ಹುದ್ದೆಗೆ ವೀಸಾ ಸ್ಪಾನ್ಸರ್‌ಶಿಪ್ ಕೊಡುತ್ತೇವೆ ಎಂದ ಜಾಹೀರಾತು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಡಿಪೆಂಡೆಂಟ್ ವೀಸಾ, ಗ್ರಾಜುಯೇಟ್ ವೀಸಾ, ಐಎಲ್‌ಆರ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಇರುವವರು ಸ್ಪಾನ್ಸರ್‌ಶಿಪ್ ಇಲ್ಲದೆಯೇ ಸೇರಬಹುದು.

ಅರ್ಜಿ

ಜಾಹೀರಾತಿನ ಜೊತೆ ಎರಡು ಕಡತ ಇರುತ್ತವೆ. ಒಂದು ಕೆಲಸದ ವಿವರ, ಇನ್ನೊಂದು 'ಪರ್ಸನ್ ಸ್ಪೆಸಿಫಿಕೇಷನ್'. ಆಯ್ಕೆ ನಡೆಯುವುದು ಎರಡನೆಯದರ ಮೇಲೆ. ಅದರಲ್ಲಿ 'ಎಸೆನ್ಷಿಯಲ್' ಎಂದು ಗುರುತಿಸಿದ ಒಂದೊಂದು ಅಂಶಕ್ಕೂ ಅಂಕ ಇರುತ್ತದೆ. ಅರ್ಜಿ ಓದುವವರು ನಿಮ್ಮ ಅನುಭವದಿಂದ ತಾವೇ ಊಹಿಸಿ ಅಂಕ ಹಾಕುವುದಿಲ್ಲ, ನೀವು ಬರೆದಿರಬೇಕು. ಹತ್ತು ಅಂಶಗಳಿದ್ದರೆ ಅದೇ ಕ್ರಮದಲ್ಲಿ ಹತ್ತು ಚಿಕ್ಕ ಪ್ಯಾರಾ ಬರೆಯಿರಿ. ಪ್ರತಿಯೊಂದರಲ್ಲೂ ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಏನಾಯಿತು ಎಂಬ ನಾಲ್ಕು ಸಂಗತಿ ಇರಲಿ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ನಿರ್ವಹಣೆಯಲ್ಲೋ ಆಸ್ಪತ್ರೆಯ ಕೌಂಟರಿನಲ್ಲೋ ಸಿಟ್ಟಾದವರನ್ನು ಸಮಾಧಾನಪಡಿಸಿದ ಅನುಭವವೂ ಇಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ. 'ನಾವು ಮಾಡಿದೆವು' ಎಂದು ಬರೆಯುವುದು ನಮ್ಮ ಅಭ್ಯಾಸ. ಇಲ್ಲಿ 'ನಾನು ಮಾಡಿದೆ' ಎಂದೇ ಬರೆಯಬೇಕು, ಇಲ್ಲವಾದರೆ ಅಂಕ ಹೋಗುತ್ತದೆ.

ಡ್ರೈವಿಂಗ್ ಲೈಸೆನ್ಸ್ ಬಹುತೇಕ ಕಡೆ ಕಡ್ಡಾಯ. ಭಾರತದ ಲೈಸೆನ್ಸ್ ನೀವು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಪ್ರೊವಿಷನಲ್‌ಗೆ (ಕಲಿಯುವವರ ಲೈಸೆನ್ಸ್) ಆನ್‌ಲೈನ್‌ನಲ್ಲಿ 34 ಪೌಂಡ್, ಥಿಯರಿ ಪರೀಕ್ಷೆಗೆ 23, ವಾರದ ದಿನದ ಪ್ರಾಕ್ಟಿಕಲ್‌ಗೆ 62, ಸಂಜೆ ಅಥವಾ ವಾರಾಂತ್ಯವಾದರೆ 75 ಪೌಂಡ್. ಪ್ರಾಕ್ಟಿಕಲ್ ದಿನಾಂಕ ಸಿಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಅರ್ಜಿಗೂ ಮೊದಲು ಈ ಕೆಲಸ ಆಗಲಿ. ಇನ್ನೊಂದು ಮಾತು: ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರ್ ಇರುವ ವ್ಯಾನ್ ಓಡಿಸುವ ಹಾಗಿಲ್ಲ. ಕೌನ್ಸಿಲ್‌ನ ವ್ಯಾನ್ ಯಾವುದು ಎಂದು ಜಾಹೀರಾತಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಕೇಳುವುದರಿಂದ ಅಂಕವೇನೂ ಕಡಿಮೆಯಾಗುವುದಿಲ್ಲ.

ಸಂದರ್ಶನ

ಮೂವರು ಕೂತಿದ್ದರು, ಎಂಟು ಪ್ರಶ್ನೆ, ಎಲ್ಲ ಅಭ್ಯರ್ಥಿಗಳಿಗೂ ಅವೇ. ನಮ್ಮಲ್ಲಿ ಬಹಳ ಜನ ಎಡವುವ ಪ್ರಶ್ನೆ ಇದು: 'ಒಬ್ಬ ಸಿಗರೇಟಿನ ತುಂಡು ಎಸೆದ, ನೀವು ಮಾತಾಡಿಸಿದಿರಿ, ಅವನು ಬೈದು ಹೊರಟ. ಏನು ಮಾಡುತ್ತೀರಿ?' ಅಡ್ಡಗಟ್ಟುತ್ತೇನೆ, ಹಿಂದೆ ಓಡುತ್ತೇನೆ ಎಂದರೆ ಅಲ್ಲಿಗೆ ಮುಗಿಯಿತು. ಕೌನ್ಸಿಲ್ ಅಧಿಕಾರಿಗೆ ಕಸದ ವಿಷಯದಲ್ಲಿ ಯಾರನ್ನೂ ತಡೆದಿಡುವ ಅಧಿಕಾರವಿಲ್ಲ, ಮೈ ಮುಟ್ಟುವಂತಿಲ್ಲ. ಹೆಸರು ವಿಳಾಸ ಕೇಳುವ ಅಧಿಕಾರ ಇದೆ. ಕೊಡದಿದ್ದರೆ ಅಥವಾ ಸುಳ್ಳು ಹೇಳಿದರೆ ಅದೇ ಒಂದು ಪ್ರತ್ಯೇಕ ಅಪರಾಧ, 1,000 ಪೌಂಡ್‌ವರೆಗೆ ದಂಡ. ಇದನ್ನು ಆ ವ್ಯಕ್ತಿಗೆ ಶಾಂತವಾಗಿ ತಿಳಿಸುವುದು, ಹೋದರೆ ಹೋಗಲು ಬಿಡುವುದು, ಚಹರೆ, ಬಟ್ಟೆ, ಹೋದ ದಿಕ್ಕು, ಹತ್ತಿದ ವಾಹನದ ನಂಬರ್ ಬರೆದುಕೊಳ್ಳುವುದು ಸರಿಯಾದ ಉತ್ತರ.

ಸಂದರ್ಶನದ ನಂತರ ಅರ್ಧ ಗಂಟೆಯ ಬರವಣಿಗೆ ಇತ್ತು. ಕಸದ ರಾಶಿಯ ಮೂರು ಫೋಟೊ ಕೊಟ್ಟು ಕಂಡದ್ದನ್ನು ಬರೆಯಿರಿ ಎಂದರು. 'ಯಾರೋ ಬೇಜವಾಬ್ದಾರಿಯಿಂದ ಸುರಿದಿದ್ದಾರೆ' ಎಂದು ಬರೆದರೆ ಅದು ಅಭಿಪ್ರಾಯ. 'ಗೋಡೆಗೆ ಒರಗಿಸಿದ ಒಂದು ಡಬಲ್ ಹಾಸಿಗೆ, ಕಟ್ಟಿದ ಐದು ಕಪ್ಪು ಚೀಲ, ಅವುಗಳಲ್ಲಿ ಎರಡು ಹರಿದಿವೆ' ಎಂದರೆ ಸಾಕ್ಷ್ಯ.

ನೇಮಕಕ್ಕೂ ಸೇರುವ ದಿನಕ್ಕೂ ನಡುವೆ

ಆಯ್ಕೆಯಾಗಿದ್ದೀರಿ ಎಂಬ ಫೋನ್ ಮಾರ್ಚ್ ಕೊನೆಗೆ ಬಂತು. ಅಲ್ಲಿಂದ ಹತ್ತು ವಾರ ಕಾಗದಪತ್ರ. ಕೆಲಸ ಸಿಕ್ಕಿದೆಯೋ ಇಲ್ಲವೋ ತಿಳಿಯದ ಆ ಹತ್ತು ವಾರ ಇಡೀ ಪ್ರಕ್ರಿಯೆಯಲ್ಲೇ ಹೆಚ್ಚು ಕಷ್ಟದ್ದು. ನಿಮ್ಮ ಈಗಿನ ಕೆಲಸಕ್ಕೆ ಲಿಖಿತ, ಷರತ್ತಿಲ್ಲದ ಆಫರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಮೊದಲು ಬರುವುದು ಷರತ್ತಿನ ಆಫರ್ ಮಾತ್ರ.

ಕೆಲಸ ಮಾಡುವ ಹಕ್ಕಿಗೆ ಇ-ವೀಸಾ ಖಾತೆಯಿಂದ ಶೇರ್ ಕೋಡ್ ತೆಗೆದು ಕೊಡಬೇಕು, ಅದು 90 ದಿನ ನಡೆಯುತ್ತದೆ. ಖಾತೆ ಹಳೆಯ ಪಾಸ್‌ಪೋರ್ಟಿಗೆ ಜೋಡಣೆಯಾಗಿದ್ದರೆ ಮೊದಲು ಹೊಸದನ್ನು ಸೇರಿಸಿ. ಡಿಬಿಎಸ್ ಬೇಸಿಕ್ ಎಂಬ ಅಪರಾಧ ದಾಖಲೆಯ ತಪಾಸಣೆಗೆ 21.50 ಪೌಂಡ್, ನನ್ನ ವಿಷಯದಲ್ಲಿ ಕೌನ್ಸಿಲ್ ಕಟ್ಟಿತು. ಅದಕ್ಕೆ ಐದು ವರ್ಷದ ವಿಳಾಸಗಳು ಒಂದು ದಿನವೂ ಬಿಡದಂತೆ ಬೇಕು, ಊರಿನ ವಿಳಾಸ, ಪಿಜಿಯ ವಿಳಾಸ ಎಲ್ಲವೂ.

ಕರ್ನಾಟಕದವರಿಗೆ ನಿಜವಾದ ತೊಡಕು ಹೆಸರಿನಲ್ಲಿದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್, ಪದವಿಯಲ್ಲಿ ಇನಿಷಿಯಲ್ ಹಿಂದೆಮುಂದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದದ್ದು, ಸರ್‌ನೇಮ್ ಜಾಗ ಖಾಲಿ. ಇಲ್ಲಿಯ ಕಂಪ್ಯೂಟರಿಗೆ ಇವು ಮೂವರು ಬೇರೆ ಬೇರೆ ವ್ಯಕ್ತಿಗಳು. ಡಿಬಿಎಸ್ ಅರ್ಜಿಯಲ್ಲಿ ಹಿಂದೆ ಬಳಸಿದ ಎಲ್ಲ ಹೆಸರನ್ನೂ ನಮೂದಿಸುವ ಜಾಗ ಇದೆ, ಮೂರೂ ರೂಪಗಳನ್ನು ಅಲ್ಲಿ ಹಾಕಿ. ಜೊತೆಗೆ ಇನಿಷಿಯಲ್ ಪದ್ಧತಿಯನ್ನು ವಿವರಿಸಿ ಒಂದು ಪುಟದ ಪತ್ರ ಬರೆದು ಎಚ್‌ಆರ್‌ಗೆ ಮೊದಲ ದಿನವೇ ಕೊಡಿ. ನಾನು ಅವರು ಕೇಳಿದ ಮೇಲೆ ಕೊಟ್ಟೆ, ಮೂರು ವಾರ ಅದರಲ್ಲೇ ಕಳೆಯಿತು.

ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿದ್ದವರಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬಹುದು. ಊರಿನಲ್ಲಿದ್ದಾಗಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಆಗುವ ಕೆಲಸ ಅದು. ಇಲ್ಲಿಂದ ಮಾಡಿಸಿದರೆ ಹೈಕಮಿಷನ್ ಮೂಲಕ ಹೋಗಬೇಕು, ಊರಿನ ಠಾಣೆಯ ಪರಿಶೀಲನೆಗೆ ಹೋದರೆ ವಾರಗಳು ಹಿಡಿಯುತ್ತವೆ. ಕೌನ್ಸಿಲ್ ಸಿಬ್ಬಂದಿಗೆ ಪೊಲೀಸ್ ಮುಖ್ಯಸ್ಥರಿಂದ ಕೆಲವು ಹೆಚ್ಚುವರಿ ಅಧಿಕಾರ ಕೊಡಿಸುವ ಸಿಎಸ್ಎಎಸ್ ಯೋಜನೆಯಲ್ಲಿ ನಿಮ್ಮ ಹುದ್ದೆ ಇದ್ದರೆ ಪೊಲೀಸ್ ವೆಟಿಂಗ್ (ಹಿನ್ನೆಲೆಯ ಪರಿಶೀಲನೆ) ಬೇರೆ ಇರುತ್ತದೆ. ಅದರಲ್ಲಿ ಸಾಲ, ಮನೆಯವರ ವಿವರವನ್ನೂ ಕೇಳುತ್ತಾರೆ.

ತರಬೇತಿ, ಮತ್ತು ಅಧಿಕಾರ ಪತ್ರ

ಎರಡು ವಾರ ತರಗತಿ, ಆರು ವಾರ ಅನುಭವಿಗಳ ಜೊತೆ ಓಡಾಟ. ತರಗತಿಯಲ್ಲಿ ಹೆಚ್ಚು ಹೊತ್ತು ಹೋದದ್ದು 1984ರ ಪೇಸ್ ಕಾಯ್ದೆ (ಪೊಲೀಸ್ ಆ್ಯಂಡ್ ಕ್ರಿಮಿನಲ್ ಎವಿಡೆನ್ಸ್ ಆ್ಯಕ್ಟ್) ಮತ್ತು ನೋಟ್‌ಬುಕ್‌ಗೆ. ಅಪರಾಧದ ಬಗ್ಗೆ ಪ್ರಶ್ನೆ ಕೇಳುವ ಮೊದಲು 'ಕಾಷನ್' ಹೇಳಬೇಕು. ಅದರಲ್ಲಿ ಮೂರು ಮಾತಿವೆ: ನೀವು ಏನನ್ನೂ ಹೇಳಬೇಕಾಗಿಲ್ಲ, ಮುಂದೆ ಕೋರ್ಟಿನಲ್ಲಿ ಆಧರಿಸುವ ಸಂಗತಿಯನ್ನು ಈಗ ಕೇಳಿದಾಗ ಹೇಳದಿದ್ದರೆ ಅದು ನಿಮ್ಮ ಪ್ರತಿವಾದಕ್ಕೆ ತೊಂದರೆಯಾಗಬಹುದು, ನೀವು ಹೇಳಿದ್ದು ಸಾಕ್ಷ್ಯವಾಗಬಹುದು. ಇಂಗ್ಲಿಷ್‌ನ ಮೂಲ ವಾಕ್ಯವನ್ನು ಬಾಯಿಪಾಠ ಮಾಡಿ, ಮೂರನ್ನೂ ಬಿಡಿಬಿಡಿಯಾಗಿ ವಿವರಿಸಲು ಕಲಿಯಿರಿ. ಎದುರಿನವರಿಗೆ ಇಂಗ್ಲಿಷ್ ಬರದಿದ್ದರೆ, ನಿಮಗೆ ಅವರ ಕನ್ನಡವೋ ಹಿಂದಿಯೋ ಗೊತ್ತಿದ್ದರೂ, ವಿಚಾರಣೆಯನ್ನು ನೀವೇ ಅನುವಾದಿಸಬೇಡಿ. ಪ್ರಶ್ನೆ ಕೇಳಿದವರೇ ಉತ್ತರವನ್ನೂ ಅನುವಾದಿಸಿದರೆ ಆ ಉತ್ತರ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ದುಭಾಷಿಯನ್ನು ಗೊತ್ತುಮಾಡಿ.

ನೋಟ್‌ಬುಕ್ಕಿನ ನಿಯಮಕ್ಕೆ ಇಲ್ಲಿ 'ನೋ ಎಲ್ಬೋಸ್' ಎನ್ನುತ್ತಾರೆ. ಅಳಿಸಬಾರದು, ಹಾಳೆ ಹರಿಯಬಾರದು, ಖಾಲಿ ಜಾಗ ಬಿಡಬಾರದು, ಬರೆದದ್ದರ ಮೇಲೆ ತಿದ್ದಬಾರದು, ಸಾಲಿನ ನಡುವೆ ತುರುಕಬಾರದು, ಜನ ಆಡಿದ್ದನ್ನು ಆಡಿದ ಮಾತಿನಲ್ಲೇ ಬರೆಯಬೇಕು. ಬೈಗುಳವಿದ್ದರೆ ಬೈಗುಳವನ್ನೇ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಇನಿಷಿಯಲ್ ಹಾಕಿ ಮುಂದುವರಿಸಿ. ಸಮಯ 24 ಗಂಟೆಯ ಲೆಕ್ಕದಲ್ಲಿ.

ಕಣ್ಣಾರೆ ಕಂಡವರನ್ನು ಗುರುತಿಸುವುದಕ್ಕೂ ಒಂದು ಪಟ್ಟಿ ಇದೆ, 1976ರ ಟರ್ನ್‌ಬುಲ್ ತೀರ್ಪಿನಿಂದ ಬಂದದ್ದು. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ನಡುವೆ ಏನಾದರೂ ಅಡ್ಡ ಇತ್ತೇ, ಹಿಂದೆ ಕಂಡವರೇ, ನೆನಪಿರಲು ಕಾರಣವೇನು, ನೋಡಿದ್ದಕ್ಕೂ ಬರೆದದ್ದಕ್ಕೂ ಅಂತರ ಎಷ್ಟು, ವಿವರದಲ್ಲಿ ವ್ಯತ್ಯಾಸ ಇದೆಯೇ. ನಾನು ಇದನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಅಂಟಿಸಿಕೊಂಡಿದ್ದೇನೆ.

ಇಷ್ಟೆಲ್ಲ ಆದರೂ, ಕೌನ್ಸಿಲ್ ಸಹಿ ಮಾಡಿದ ಅಧಿಕಾರ ಪತ್ರ ಬರುವವರೆಗೆ ನೀವು ಒಂದು ದಂಡದ ನೋಟಿಸನ್ನೂ ಕೊಡುವಂತಿಲ್ಲ. ಆ ಪತ್ರದಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಬಿಡಿಯಾಗಿ ಇರುತ್ತದೆ. ನನ್ನ ಪತ್ರದಲ್ಲಿ 2014ರ ಆ್ಯಂಟಿ ಸೋಷಿಯಲ್ ಬಿಹೇವಿಯರ್ ಕಾಯ್ದೆಯೇ ಬಿಟ್ಟುಹೋಗಿತ್ತು. ಅಂದರೆ ಆ ಕಾಯ್ದೆಯಡಿ ಕೌನ್ಸಿಲ್ ಹೊರಡಿಸುವ ನಾಯಿಗಳ ಆದೇಶದಡಿ ನಾನು ಯಾರಿಗೂ ನೋಟಿಸು ಕೊಡುವಂತಿರಲಿಲ್ಲ. ಸರಿಪಡಿಸಿಕೊಳ್ಳಲು ಹದಿನೆಂಟು ದಿನ ಬೇಕಾಯಿತು. ಪತ್ರ ಕೈಗೆ ಬಂದ ಕೂಡಲೇ ಕೆಲಸದ ವಿವರದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ.

ಬೀದಿಯಲ್ಲಿ: ಕಸದ ನೋಟಿಸು

1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಕಾಯ್ದೆಯ ಸೆಕ್ಷನ್ 87ರಲ್ಲಿ ಸಾಬೀತು ಮಾಡಬೇಕಾದ್ದು ಎರಡು: ಕಸ ಎಸೆದರು, ಅಲ್ಲೇ ಬಿಟ್ಟು ಹೋದರು. ಎರಡನೆಯದನ್ನು ಹೊಸಬರು ಮರೆಯುತ್ತಾರೆ. ಕೈಯಿಂದ ಬಿದ್ದ ತಕ್ಷಣ ಓಡಿ ಹೋಗಿ ಹಿಡಿದರೆ 'ಎತ್ತಿಕೊಳ್ಳುತ್ತಿದ್ದೆ' ಎನ್ನುವ ಮಾತಿಗೆ ಉತ್ತರವಿಲ್ಲ. ಅವರು ತಿರುಗಿ ನೋಡದೆ ನಡೆದು ಹೋಗುವುದನ್ನು ಕಾಣಬೇಕು, ಎಷ್ಟು ಹೆಜ್ಜೆ ಎಂದು ಬರೆಯಬೇಕು. ಸಿಗರೇಟಿನ ತುಂಡು, ಚ್ಯೂಯಿಂಗ್ ಗಮ್ ಎರಡೂ ಕಸವೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ಕ್ರಮ ಹೀಗೆ: ಮೈಮೇಲಿನ ಕ್ಯಾಮೆರಾ ಹಾಕಿ, ಚಿತ್ರೀಕರಣ ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಿ. ಗುರುತಿನ ಚೀಟಿ ತೋರಿಸಿ. ಕಂಡದ್ದನ್ನು ಒಂದೇ ವಾಕ್ಯದಲ್ಲಿ ತಿಳಿಸಿ. ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿ. ಕಾಷನ್ ಹೇಳಿ ಆಮೇಲೆ 'ಯಾಕೆ' ಎಂದು ಕೇಳಿ. ವಿಳಾಸವನ್ನು ಕಂಟ್ರೋಲ್ ರೂಮಿನಲ್ಲಿ ಪರೀಕ್ಷಿಸಿ. ಬಿದ್ದ ಕಸದ ಫೋಟೊ, ಹತ್ತಿರದ ಕಸದ ಡಬ್ಬಿ ಎಷ್ಟು ಹೆಜ್ಜೆ ದೂರ ಎಂಬ ಲೆಕ್ಕ. ಡಬ್ಬಿ ಇಲ್ಲದಿದ್ದರೂ ಅಪರಾಧ ಅಪರಾಧವೇ, ಆದರೆ ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆ ಅದು.

ನೋಟಿಸಿನ ಹಣ ಕಟ್ಟಲು 14 ದಿನ. ಕಟ್ಟಿದರೆ ಅಲ್ಲಿಗೆ ಮುಗಿಯಿತು, ಅದು ಶಿಕ್ಷೆಯ ದಾಖಲೆಯಲ್ಲ. ಕಟ್ಟದಿದ್ದರೆ ಮೂಲ ಅಪರಾಧಕ್ಕೇ ಮೊಕದ್ದಮೆ, 2,500 ಪೌಂಡ್‌ವರೆಗೆ ದಂಡ. ಘಟನೆಯಾಗಿ ಆರು ತಿಂಗಳೊಳಗೆ ಕೋರ್ಟಿಗೆ ಹೋಗದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ. 2023ರ ಜುಲೈ 31ರಿಂದ ಕಸಕ್ಕೆ ನೋಟಿಸಿನ ಗರಿಷ್ಠ ಮೊತ್ತ 500 ಪೌಂಡ್, ಫ್ಲೈ ಟಿಪ್ಪಿಂಗ್‌ಗೆ 1,000. ಇವು ಮೇಲ್ಮಿತಿ. ಅದರೊಳಗೆ ಎಷ್ಟು ಎಂದು ಆಯಾ ಕೌನ್ಸಿಲ್ ನಿರ್ಧರಿಸುತ್ತದೆ.

ನಾಯಿ, ಮದ್ಯಪಾನ ಮುಂತಾದವು ಪಿಎಸ್‌ಪಿಒ ಎಂಬ ಸ್ಥಳೀಯ ಆದೇಶದಡಿ ಬರುತ್ತವೆ. ಆದೇಶಕ್ಕೆ ಹೆಚ್ಚೆಂದರೆ ಮೂರು ವರ್ಷ ಆಯಸ್ಸು, ನವೀಕರಿಸದಿದ್ದರೆ ಮರುದಿನದ ನೋಟಿಸು ಕಸಕ್ಕೆ ಸಮ. ನಕ್ಷೆಯ ಗಡಿ, ಕೊನೆಯ ದಿನಾಂಕ ಎರಡನ್ನೂ ಫೋನಿನಲ್ಲಿಟ್ಟುಕೊಳ್ಳಿ.

ಎದುರಿಗೆ ಸಿಕ್ಕವರು ಕನ್ನಡದವರಾದರೆ 'ಅಣ್ಣಾ, ನಮ್ಮೋರೇ ಅಲ್ವಾ, ಇದೊಂದ್ಸಲ ಬಿಟ್ಬಿಡಿ' ಎನ್ನುತ್ತಾರೆ. ಕೇಳಿದಾಗ ಕರುಳು ಚುರ್ರೆನ್ನುವುದು ನಿಜ. ಪರಿಚಿತರಾಗಿದ್ದರೆ ಅಲ್ಲೇ ನಿಲ್ಲಿಸಿ, ಸಹೋದ್ಯೋಗಿಗೆ ಒಪ್ಪಿಸಿ, ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ. ಅಪರಿಚಿತರಾಗಿದ್ದರೆ ಬೇರೆಯವರಿಗೆ ಮಾಡುವುದನ್ನೇ ಮಾಡಿ. ಎಚ್ಚರಿಕೆ ಕೊಟ್ಟು ಬಿಡುವ ವಿವೇಚನೆ ನಿಮಗಿದೆ, ಆದರೆ ಕಾರಣ ನೋಟ್‌ಬುಕ್ಕಿನಲ್ಲಿರಬೇಕು, ಅದು ಯಾರಿಗಾದರೂ ಅನ್ವಯಿಸುವ ಕಾರಣವಾಗಿರಬೇಕು.

ಸುರಿದ ಕಸದ ರಾಶಿ

ಹೆಚ್ಚು ಹೊತ್ತು, ಹೆಚ್ಚು ಎಚ್ಚರ ಬೇಡುವ ಕೆಲಸ ಇದು. ಮುಟ್ಟುವ ಮೊದಲು ಫೋಟೊ: ದೂರದಿಂದ ರಸ್ತೆಯ ಹೆಸರು ಕಾಣುವಂತೆ, ನಡುವಿನಿಂದ, ಹತ್ತಿರದಿಂದ. ಆಮೇಲೆ ಗಾತ್ರ. ದಾಖಲೆಗೆ ಗೊತ್ತಾದ ವರ್ಗಗಳಿವೆ: ಒಂದು ಕಪ್ಪು ಚೀಲ, ಒಂದು ವಸ್ತು, ಕಾರಿನ ಡಿಕ್ಕಿ ತುಂಬ, ಸಣ್ಣ ವ್ಯಾನ್, ಟ್ರಾನ್ಸಿಟ್ ವ್ಯಾನ್, ಟಿಪ್ಪರ್ ಲಾರಿ, ಅದಕ್ಕೂ ಮೇಲೆ. ಖಾಸಗಿ ಜಾಗವಾಗಿದ್ದರೆ ತೆರವು ಮಾಡುವ ಹೊಣೆ ಜಾಗದ ಮಾಲೀಕರದು. ಈ ಮಾತು ಹೇಳಿದಾಗ ಅವರಿಗೆ ಬರುವ ಸಿಟ್ಟು ನ್ಯಾಯವಾದದ್ದು, ಪೂರ್ತಿ ಕೇಳಿಸಿಕೊಳ್ಳಿ.

ಚೀಲ ಬಿಚ್ಚಲು ಸೂಜಿ ಚುಚ್ಚದ ದಪ್ಪ ಕೈಗವಸು ಬೇಕು. ಚೀಲದೊಳಗೆ ಕೈ ಹಾಕಬೇಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಉದ್ದದ ಚಿಮಟದಿಂದ ಬಿಡಿಸಿ. ಸಿರಿಂಜ್ ಕಂಡರೆ ಶಾರ್ಪ್ಸ್ ಡಬ್ಬಿಗೆ. ಕಲ್ನಾರಿನ ಶೀಟು ಎಂಬ ಅನುಮಾನ ಬಂದರೆ ಕೈ ಹಿಂದಕ್ಕೆ, ಅದಕ್ಕೆ ಪರಿಣತರು ಬೇರೆ. ವಿಳಾಸವಿರುವ ಲಕೋಟೆ, ಔಷಧಿ ಚೀಟಿ, ಪಾರ್ಸೆಲ್ ಲೇಬಲ್ ಸಿಕ್ಕರೆ ಇದ್ದ ಜಾಗದಲ್ಲೇ ಫೋಟೊ ತೆಗೆದು, ಬಿಡಿ ಬಿಡಿ ಸಾಕ್ಷ್ಯ ಚೀಲಕ್ಕೆ ಹಾಕಿ, ನಿಮ್ಮ ಇನಿಷಿಯಲ್ ಮತ್ತು ಕ್ರಮಸಂಖ್ಯೆ ಬರೆಯಿರಿ.

ಇಲ್ಲಿ ದೊಡ್ಡ ತಪ್ಪು ಎಂದರೆ ವಿಳಾಸ ಸಿಕ್ಕಿತು, ಅಪರಾಧಿ ಸಿಕ್ಕ ಎಂದುಕೊಳ್ಳುವುದು. ಆ ಮನೆಯವರು ವ್ಯಾನಿನವನೊಬ್ಬನಿಗೆ ಮೂವತ್ತೋ ನಲವತ್ತೋ ಪೌಂಡ್ ಕೊಟ್ಟು ಕಸ ಕಳಿಸಿರಬಹುದು, ಅವನು ಮೂಲೆಯಲ್ಲಿ ಸುರಿದಿರಬಹುದು. ಆಗ ಮನೆಯವರ ಮೇಲಿರುವುದು ಸುರಿದ ಆರೋಪವಲ್ಲ, 'ಡ್ಯೂಟಿ ಆಫ್ ಕೇರ್' ಎಂಬ ಹೊಣೆ ತಪ್ಪಿದ ಆರೋಪ, ನೋಟಿಸಿಗೆ ಗರಿಷ್ಠ 600 ಪೌಂಡ್. ವ್ಯಾನಿನ ನಂಬರ್, ಹಣ ಕಳಿಸಿದ ದಾಖಲೆ, ಜಾಹೀರಾತು ನೋಡಿದ ಜಾಗ ಇವನ್ನು ಅವರಿಂದ ಪಡೆದರೆ ನಿಜವಾಗಿ ಸುರಿದವನ ದಾರಿ ಸಿಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲಿ ಬೆದರಿಸುವ ಮಾತು ಬೇಡ, ಬಾಯಿ ಮುಚ್ಚಿಕೊಳ್ಳುತ್ತಾರೆ.

ಇಲ್ಲಿ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಸಿಕ್ಕಿಬೀಳುವುದು ಹೆಚ್ಚಾಗಿ ಇದರಲ್ಲೇ. ಬೇಸಿಗೆಯಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಹಾಸಿಗೆ, ಕುರ್ಚಿಯನ್ನು 'ಬೇಕಾದವರು ಒಯ್ಯಲಿ' ಎಂದು ಫುಟ್‌ಪಾತ್ ಮೇಲಿಟ್ಟು ಹೋಗುತ್ತಾರೆ. ಒಳ್ಳೆಯ ಮನಸ್ಸಿನಿಂದ ಇಟ್ಟರೂ ಅದು ಫ್ಲೈ ಟಿಪ್ಪಿಂಗ್. ಕೌನ್ಸಿಲ್‌ನ ದೊಡ್ಡ ವಸ್ತುಗಳ ಸಂಗ್ರಹಣೆಗೆ ಎರಡು ಮೂರು ವಾರ ಮೊದಲೇ ಬುಕ್ ಮಾಡಿ. ಖಾಸಗಿಯವರಿಗೆ ಕೊಟ್ಟರೆ ಅವರ ವೇಸ್ಟ್ ಕ್ಯಾರಿಯರ್ (ಕಸ ಸಾಗಿಸುವವರ) ನೋಂದಣಿಯನ್ನು ಎನ್ವಿರಾನ್‌ಮೆಂಟ್ ಏಜೆನ್ಸಿಯ ಜಾಲತಾಣದಲ್ಲಿ ನೋಡಿ, ರಸೀದಿ ಪಡೆದು, ಫೋಟೊ ತೆಗೆದಿಟ್ಟುಕೊಳ್ಳಿ.

ಕೋರ್ಟಿಗೆ ಹೋಗುವ ಕಾಗದ

ಪ್ರೊಬೇಷನ್‌ನ ಕೊನೆಯ ತಿಂಗಳು ಒಂದು ಪೂರ್ತಿ ಕಡತ ನೀವೇ ಕಟ್ಟಿ ತೋರಿಸಬೇಕು. 1967ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಸಾಕ್ಷಿ ಹೇಳಿಕೆ, ಸಾಕ್ಷ್ಯಗಳ ಪಟ್ಟಿ, ಕ್ಯಾಮೆರಾದ ದೃಶ್ಯ, ಪಿಎಸ್‌ಪಿಒ ಆದೇಶದ ಪ್ರತಿ, ನಿಮ್ಮ ಅಧಿಕಾರ ಪತ್ರದ ಪ್ರತಿ, ಜೊತೆಗೆ ಬಳಸದೆ ಉಳಿದ ದಾಖಲೆಗಳ ಪಟ್ಟಿ. ಪ್ರಕರಣಕ್ಕೆ ವಿರುದ್ಧವಾಗಿರುವ ಸಂಗತಿಯನ್ನೂ ಮುಚ್ಚಿಡುವಂತಿಲ್ಲ. ನನ್ನ ಮೊದಲ ಕಡತ ಎರಡು ಸಲ ವಾಪಸ್ ಬಂತು: ಒಮ್ಮೆ ಹೇಳಿಕೆಯ ಪ್ರತಿ ಪುಟಕ್ಕೂ ಸಹಿ ಇಲ್ಲವೆಂದು, ಇನ್ನೊಮ್ಮೆ ಹೇಳಿಕೆಯಲ್ಲಿ 14:20, ನೋಟ್‌ಬುಕ್ಕಿನಲ್ಲಿ 14:25 ಎಂದಿದ್ದುದರಿಂದ. ಕ್ಯಾಮೆರಾದ ಗಡಿಯಾರವನ್ನೂ ಕೈಗಡಿಯಾರವನ್ನೂ ಪಾಳಿ ಶುರುವಾಗುವಾಗ ತಾಳೆ ನೋಡಿ, ವ್ಯತ್ಯಾಸವಿದ್ದರೆ ಅದನ್ನೇ ಮೊದಲ ಸಾಲಾಗಿ ಬರೆಯಿರಿ.

ಸಾಕ್ಷಿ ಹೇಳಲು ಕರೆದರೆ ಮೂಲ ನೋಟ್‌ಬುಕ್ ಒಯ್ಯಬೇಕು, ನಕಲು ನಡೆಯುವುದಿಲ್ಲ. ನೋಡಿ ಹೇಳಲು ಮೊದಲು ಕೋರ್ಟಿನ ಅನುಮತಿ ಕೇಳಿ. ಯಾವಾಗ ಬರೆದಿರಿ ಎಂದು ಕೇಳುತ್ತಾರೆ, ಘಟನೆಯ ಜಾಗದಲ್ಲೇ ಅಥವಾ ನಂತರ ಸಾಧ್ಯವಾದಷ್ಟು ಬೇಗ ಎಂಬ ಉತ್ತರ ನಿಜವಾಗಿರಬೇಕು. ಎದುರು ವಕೀಲರು ಆ ಪುಟವನ್ನು ಕೈಗೆ ತೆಗೆದುಕೊಂಡು ನೋಡಬಹುದು. ಮನೆಗೆ ತರಬೇಕಾದ ಸಾಮಾನಿನ ಪಟ್ಟಿ, ಫೋನ್ ನಂಬರ್, ಸಹೋದ್ಯೋಗಿಯ ಬಗ್ಗೆ ಒಂದು ಸಾಲು, ಯಾವುದೂ ಅದರಲ್ಲಿ ಇರಬಾರದು. ಅದಕ್ಕೆ ಜೇಬಿನಲ್ಲಿ ಬೇರೆ ಚೀಟಿ ಇಟ್ಟುಕೊಳ್ಳಿ.